ಮಾತು ಬಿಟ್ಟವರ ಸಾಕ್ಷಿ

ಆ ಲಾಂಡ್ರಿಗೆ ಆಸ್ಪತ್ರೆಗಳಿಂದ, ಹೋಟೆಲುಗಳಿಂದ ದಿನವೂ ಲಾರಿಗಟ್ಟಲೆ ಬೆಡ್‌ಶೀಟುಗಳು ಬರುತ್ತಿದ್ದವು. ಒಗೆದ ಶೀಟುಗಳು ಒದ್ದೆಯಾಗಿಯೇ ತಳ್ಳುಗಾಡಿಯಲ್ಲಿ ಇಸ್ತ್ರಿಯ ರೋಲರಿನ ಮುಂದೆ ಬಂದು ನಿಲ್ಲುತ್ತಿದ್ದವು. ಇಬ್ಬರು ಹೆಂಗಸರು ಒಂದೊಂದು ಮೂಲೆ ಹಿಡಿದು, ಕೊಡವಿ, ಅಂಚು ಸಮಮಾಡಿ ರೋಲರಿನ ಬಾಯಿಗೆ ಕೊಡಬೇಕು. ಕಾದ ಉರುಳೆ ಅದನ್ನು ಎಳೆದುಕೊಂಡು, ಆ ಕಡೆಯಿಂದ ಹೊಸ ಕಾಗದದ ಹಾಗೆ ಗರಿಗರಿಯಾಗಿ ಬಿಡುತ್ತಿತ್ತು.

ಎರಡನೇ ರೋಲರಿನ ಎರಡು ತುದಿಗಳಲ್ಲಿ ನಿಲ್ಲುತ್ತಿದ್ದವರು ವಾರಗಿತ್ತಿಯರು, ಅಣ್ಣತಮ್ಮಂದಿರ ಹೆಂಡಂದಿರು. ಒಂದೇ ಮನೆಯಲ್ಲಿ ದೊಡ್ಡವಳ ಸಂಸಾರ ಕೆಳಗೆ, ಚಿಕ್ಕವಳದು ಮಹಡಿಯಲ್ಲಿ. ಮಹಡಿಯ ತಂತಿಯಿಂದ ನೀರು ತೊಟ್ಟಿಕ್ಕಿ ಕೆಳಗಿನ ತಂತಿಯ ಒಣಬಟ್ಟೆ ನೆನೆಯಿತು ಎಂದು ಶುರುವಾದ ಜಗಳ, "ನಿಮ್ಮ ತವರಲ್ಲಿ ಬಟ್ಟೆ ಹಿಂಡೋದೂ ಕಲಿಸಿಲ್ವಾ" ಎನ್ನುವವರೆಗೆ ಹೋಯಿತು. ಅಂದಿನಿಂದ ಹನ್ನೊಂದು ತಿಂಗಳು ಇಬ್ಬರಿಗೂ ಮಾತಿಲ್ಲ. ಮೇಸ್ತ್ರಿಗೆ ಈ ಸುದ್ದಿ ಸಿಕ್ಕಿದ್ದೇ ತಡ, ಇಬ್ಬರನ್ನೂ ಒಂದೇ ರೋಲರಿಗೆ ಹಾಕಿದ. ಈ ಜೋಡಿಯಿಂದ ಹರಟೆಯ ಕಾಟ ಇರುವುದಿಲ್ಲ ಎಂಬುದು ಅವನ ಲೆಕ್ಕಾಚಾರ. ಅವನ ಎಣಿಕೆ ಸುಳ್ಳಾಗಲಿಲ್ಲ. ಮುಖ ಗಂಟುಹಾಕಿಕೊಂಡೇ ಅವರು ಎಲ್ಲರಿಗಿಂತ ಹೆಚ್ಚು ಶೀಟು ತೆಗೆಯುತ್ತಿದ್ದರು.

ರೋಲರಿನ ಬಾಯಿಯ ಮುಂದೆ ಒಂದು ಕಬ್ಬಿಣದ ತಡೆಪಟ್ಟಿ ಇತ್ತು. ಕೈ ತಾಗಿದರೆ ಯಂತ್ರ ತಾನಾಗಿ ನಿಲ್ಲಬೇಕು. ಅದು ಸುಮ್ಮಸುಮ್ಮನೆ ನಿಲ್ಲುತ್ತದೆ, ಕೆಲಸ ಹಿಂದೆ ಬೀಳುತ್ತದೆ ಎಂದು ಮೇಸ್ತ್ರಿ ಅದನ್ನು ತಂತಿಯಿಂದ ಎತ್ತಿ ಕಟ್ಟಿಸಿದ್ದ.

ಒಂದು ಬೆಳಿಗ್ಗೆ ಹೊಲಿಗೆ ಬಿಚ್ಚಿದ ಶೀಟೊಂದು ಬಂತು. ಜೋತಾಡುತ್ತಿದ್ದ ದಾರ ದೊಡ್ಡವಳ ಬಲಗೈ ಬೆರಳಿಗೆ ಸುತ್ತಿಕೊಂಡಿತು. ಬಿಡಿಸಿಕೊಳ್ಳುವಷ್ಟರಲ್ಲಿ ರೋಲರು ಬಟ್ಟೆಯ ಜೊತೆ ಕೈಯನ್ನೂ ಎಳೆಯಿತು. "ಅಕ್ಕಾ, ಕೈ, ಕೈ" ಎಂದು ಕೂಗುತ್ತ ಚಿಕ್ಕವಳು ತನ್ನ ತುದಿಯ ಕೆಂಪು ಗುಂಡಿಯನ್ನು ಅಂಗೈಯಿಂದ ಗುದ್ದಿದಳು. ಯಂತ್ರ ನಿಂತಿತು. ಕೈ ಉಳಿಯಿತು, ಆದರೆ ಮೂರು ಬೆರಳು ಜಜ್ಜಿ, ಸುಟ್ಟು ಹೋಗಿದ್ದವು.

ಆಸ್ಪತ್ರೆಯ ಮೊದಲ ದಿನದ ಖರ್ಚನ್ನು ಲಾಂಡ್ರಿಯವರೇ ಕೊಟ್ಟರು. ನಾಲ್ಕನೆಯ ದಿನ ಮ್ಯಾನೇಜರು ಹಣ್ಣಿನ ಚೀಲ, ಒಂದು ಕಾಗದ ಎರಡನ್ನೂ ಹಿಡಿದು ಮನೆಗೆ ಬಂದ. "ನೀವು ನಮ್ಮವರಮ್ಮ. ಆಗಿದ್ದು ಆಗಿಹೋಯ್ತು. ಒಂದು ತಿಂಗಳು ಆರಾಮಾಗಿರಿ. ಇದೊಂದು ಸಹಿ ಹಾಕಿಬಿಡಿ, ಆಫೀಸಿನ ಶಾಸ್ತ್ರಕ್ಕೆ."

ದೊಡ್ಡವಳು ಬ್ಯಾಂಡೇಜು ಸುತ್ತಿದ ಕೈ ಎತ್ತಿ ತೋರಿಸಿದಳು. "ಸಹಿ ಹಾಕೋ ಕೈ ಇದೇ ಸಾರ್."

ಅವನು ಕಾಗದವನ್ನು ಅಲ್ಲೇ ಬಿಟ್ಟು ಹೋದ. ಮರುದಿನ ಗಾಯ ಕಟ್ಟಿಸಿಕೊಳ್ಳಲು ಹೋದಾಗ ಅವಳು ಅದನ್ನು ನರ್ಸಿಗೆ ತೋರಿಸಿದಳು. ನರ್ಸು ಓದಿ ಕನ್ನಡಕ ತೆಗೆದಳು.

"ನಿಮ್ಮದೇ ಅಜಾಗರೂಕತೆಯಿಂದ ಹೀಗಾಯ್ತು, ಮುಂದೆ ಏನೂ ಕೇಳಲ್ಲ ಅಂತ ಬರೆದಿದೆ. ಇದಕ್ಕೆ ಸಹಿ ಹಾಕಬೇಡಿ. ಕಾರ್ಮಿಕರ ಕಚೇರಿಗೆ ಹೋಗಿ. ಇಲ್ಲಿಯ ಚೀಟಿಗಳೆಲ್ಲ ಜೋಪಾನ, ಒಂದೂ ಎಸೀಬೇಡಿ."

ದೊಡ್ಡವಳಿಗೆ ಹೋಗಲು ಮನಸ್ಸಿರಲಿಲ್ಲ. ಮದುವೆಯಾದಾಗಿನಿಂದ ಒಬ್ಬರ ಮುಂದೆ ಕೈಚಾಚಿದವಳಲ್ಲ. ಗಂಡ ಬಸ್ ಡಿಪೋದಲ್ಲಿ ಟೈರು ಬದಲಾಯಿಸುವವನು, ಅವನೇ ಹೊರಡಿಸಿದ. "ಬೇಡೋಕೆ ಹೋಗ್ತಿಲ್ಲ ಕಣೆ. ಕೇಳೋಕೆ ಹೋಗ್ತಿದ್ದೀವಿ. ಎದ್ದೇಳು."

ಕಾರ್ಮಿಕರ ಕಚೇರಿಯಲ್ಲಿ ಕಡತಗಳ ನಡುವೆ ಮುಳುಗಿ ಕೂತಿದ್ದ ಗುಮಾಸ್ತೆ ಎಲ್ಲವನ್ನೂ ಕೇಳಿ ಬರೆದುಕೊಂಡಳು. ಕೆಲಸದ ಜಾಗದಲ್ಲಿ, ಕೆಲಸದ ಹೊತ್ತಿನಲ್ಲಿ ಆದ ಗಾಯ. ಚಿಕಿತ್ಸೆಯ ಖರ್ಚು, ಮನೆಯಲ್ಲಿದ್ದ ದಿನಗಳ ಸಂಬಳದ ಪಾಲು, ಬೆರಳುಗಳು ಮೊದಲಿನಂತಾಗದಿದ್ದರೆ ಅದಕ್ಕೂ ಪರಿಹಾರ ಸಿಗಬೇಕು ಎಂದು ಬಿಡಿಸಿ ಹೇಳಿದಳು.

"ನಾನೇ ಎಚ್ಚರ ತಪ್ಪಿದೆ ಅಂದ್ರೆ?" ದೊಡ್ಡವಳು ಅಂಜುತ್ತ ಕೇಳಿದಳು.

"ಯಂತ್ರದ ಮುಂದೆ ಇಡೀ ದಿನ ನಿಂತವರಿಗೆ ಒಂದು ಗಳಿಗೆ ಎಚ್ಚರ ತಪ್ಪುತ್ತೆ ಅಂತಲೇ ಈ ಕಾನೂನು ಇರೋದು ಅಮ್ಮಾ. ನೋಡಿದವರು ಯಾರಾದ್ರೂ ಇದ್ದಾರಾ?"

ದೊಡ್ಡವಳಿಗೆ ಚಿಕ್ಕವಳ ನೆನಪಾಯಿತು. ಮಹಡಿಯ ಮನೆಯ ಬಾಡಿಗೆ, ಮಕ್ಕಳ ಶಾಲೆ, ಎಲ್ಲ ನಿಂತಿದ್ದುದು ಚಿಕ್ಕವಳ ಸಂಬಳದ ಮೇಲೆಯೇ. "ಯಾರೂ ಇಲ್ಲ" ಎಂದಳು.

ಅಷ್ಟರಲ್ಲಾಗಲೇ ಚಿಕ್ಕವಳು ಮಾತಿಲ್ಲದೆಯೇ ಕೆಳಗಿನ ಮನೆಯ ಕೆಲಸ ಹಿಡಿದಿದ್ದಳು. ಬೆಳಿಗ್ಗೆ ಬಂದು ಅಡುಗೆ ಮಾಡಿ, ಪಾತ್ರೆ ತೊಳೆದು, ದೊಡ್ಡವಳ ಜಡೆ ಹೆಣೆದು ಹೋಗುವಳು. ಬಾಚಣಿಗೆ ಸಿಕ್ಕಿಗೆ ಸಿಕ್ಕಿ ನೋವಾದರೂ ದೊಡ್ಡವಳು ಹಾ ಎನ್ನುತ್ತಿರಲಿಲ್ಲ. ಸೋಲೊಪ್ಪಿದಂತಾಗುತ್ತದಲ್ಲ.

ವಿಚಾರಣೆಯ ದಿನ ಕಾರ್ಮಿಕರ ಕಚೇರಿಯ ಅಧಿಕಾರಿಯ ಮುಂದೆ ಲಾಂಡ್ರಿಯ ಪರವಾಗಿ ಬಂದ ವಕೀಲ ಹೇಳಿಕೆ ಓದಿದ. ಘಟನೆಯ ಹೊತ್ತಿನಲ್ಲಿ ಈ ಕೆಲಸಗಾರ್ತಿ ಜೊತೆಯವಳೊಂದಿಗೆ ಹರಟೆಯಲ್ಲಿ ಮೈಮರೆತಿದ್ದಳು, ತಡೆಪಟ್ಟಿ ಸರಿಯಾಗಿಯೇ ಇತ್ತು ಎಂದು ಅದರಲ್ಲಿತ್ತು. ಅಧಿಕಾರಿ ಬರೆದುಕೊಳ್ಳುತ್ತಿದ್ದಾಗ ಬಾಗಿಲಲ್ಲಿ ಯಾರೋ ಕೆಮ್ಮಿದರು. ಚಿಕ್ಕವಳು, ಲಾಂಡ್ರಿಯ ಏಪ್ರನ್ನಿನಲ್ಲೇ ಬಂದಿದ್ದಳು.

"ಆ ಜೊತೆಯವಳು ನಾನೇ ಸಾರ್," ಎಂದಳು. "ನಮ್ಮಿಬ್ಬರಿಗೂ ಮಾತು ಬಿಟ್ಟು ಹನ್ನೊಂದು ತಿಂಗಳಾಗಿತ್ತು. ಮಾತಾಡಲ್ಲ ಅಂತಲೇ ಮೇಸ್ತ್ರಿ ನಮ್ಮನ್ನ ಜೋಡಿ ಹಾಕಿದ್ದು, ಬೇಕಾದ್ರೆ ಅವರನ್ನೇ ಕೇಳಿ. ಅವತ್ತು ನನ್ನ ಬಾಯಿಂದ ಬಂದಿದ್ದು ಒಂದೇ ಮಾತು, ಅಕ್ಕಾ ಕೈ ಅಂತ."

ಅಧಿಕಾರಿ ಮೀಸೆಯಡಿಯ ನಗು ನುಂಗಿಕೊಂಡರು. "ಜಗಳ ಯಾತಕ್ಕಮ್ಮ?"

"ಬಟ್ಟೆ ತೊಟ್ಟಿಕ್ಕಿದ್ದಕ್ಕೆ ಸಾರ್."

"ತಡೆಪಟ್ಟಿ?"

"ತಂತಿ ಬಿಗಿದು ಎತ್ತಿ ಕಟ್ಟಿತ್ತು. ಕಟ್ಟೋವಾಗ ಸ್ಟೂಲು ಹಿಡಿದವಳು ನಾನು. ಇದನ್ನ ಹೇಳದೆ ಇದ್ರೆ ಮೇಸ್ತ್ರಿ ಕೆಲಸ ನಿಂಗೇ ಅಂತ ಮ್ಯಾನೇಜರು ಅಂದಿದ್ರು. ನಂಗೆ ಅದು ಬೇಡ."

ಅಧಿಕಾರಿ ಪೆನ್ನು ಕೆಳಗಿಟ್ಟು ವಕೀಲನ ಕಡೆ ತಿರುಗಿದರು. "ಹರಟೆ ಹೊಡೀತಿದ್ರೂ ಪರಿಹಾರ ತಪ್ಪುತ್ತಿರಲಿಲ್ಲ. ಈಗಂತೂ ಕೇಳೋದೇ ಬೇಡ. ಇನ್ನೊಂದು ಮಾತು, ಸಾಕ್ಷಿ ಹೇಳಿದ್ದಕ್ಕೆ ಇವರನ್ನ ಕೆಲಸದಿಂದ ತೆಗೆದರೆ ಅದು ಬೇರೆಯೇ ಕೇಸಾಗುತ್ತೆ. ನಿಮ್ಮವರಿಗೆ ತಿಳಿಸಿ."

ಹೊರಗೆ ಕಾರಿಡಾರಿನ ಬೆಂಚಿನ ಮೇಲೆ ಇಬ್ಬರೂ ಅಕ್ಕಪಕ್ಕ ಕೂತರು. ದೊಡ್ಡವಳು ಎಡಗೈಯಿಂದ ಚಿಕ್ಕವಳ ಏಪ್ರನ್ನಿನ ದಾರ ಸರಿಮಾಡುತ್ತ, "ನಿನ್ನ ಕೆಲಸ ಹೋಗಿದ್ರೆ ಏನೇ ಗತಿ?" ಎಂದಳು.

"ನಿಮ್ಮ ಮನೇಲಿ ಊಟಕ್ಕೆ ಬರ್ತಿದ್ದೆ," ಎಂದಳು ಚಿಕ್ಕವಳು. "ಅಡುಗೆ ಹೇಗೂ ನಾನೇ ಮಾಡ್ತಿದ್ದೀನಲ್ಲ." ಇಬ್ಬರೂ ನಕ್ಕರು, ನಗುತ್ತಲೇ ದೊಡ್ಡವಳ ಕಣ್ಣು ತುಂಬಿತು.

ಆದೇಶ ಬರಲು ಎರಡು ತಿಂಗಳು ಹಿಡಿಯಿತು. ಚಿಕಿತ್ಸೆಯ ಖರ್ಚು, ರಜೆಯ ದಿನಗಳ ಸಂಬಳದ ಪಾಲು, ಬೆರಳಿಗೆ ಪರಿಹಾರ, ಎಲ್ಲವೂ ಅದರಲ್ಲಿದ್ದವು. ತಪಾಸಣೆಗೆ ಬಂದವರು ನಿಂತು ನೋಡುತ್ತಿದ್ದಂತೆಯೇ ಎಲ್ಲ ರೋಲರುಗಳ ತಂತಿ ಬಿಚ್ಚಲಾಯಿತು. ಕೈಗೆ ವ್ಯಾಯಾಮ ಹೇಳಿಕೊಡುವವಳ ಹತ್ತಿರ ದೊಡ್ಡವಳು ವಾರಕ್ಕೆ ಮೂರು ದಿನ ಹೋಗಿ ಸ್ಪಂಜಿನ ಚೆಂಡು ಹಿಸುಕಿದಳು. ಒಂದು ಬೆರಳು ಮಡಚಲೇ ಇಲ್ಲ. ಉಳಿದೆರಡು ಹಟ ಬಿಟ್ಟು ಮೆಲ್ಲಗೆ ಬಾಗಿದವು.

ಮರಳಿ ಬಂದಾಗ ಅವಳಿಗೆ ರೋಲರಿನ ಬದಲು ಹರಿದ ಶೀಟುಗಳನ್ನು ಆರಿಸುವ ಮೇಜು ಸಿಕ್ಕಿತು. ಕಿಟಕಿಯ ಪಕ್ಕದ ಜಾಗ, ಕೂರಲು ಕುರ್ಚಿ. ಮೊದಲ ವಾರದಲ್ಲೇ ಬಟ್ಟೆಯ ಗಂಟು ಕಟ್ಟುವ ವಿಭಾಗದ ಹೆಂಗಸೊಬ್ಬಳು ಸೊಂಟ ಹಿಡಿದುಕೊಂಡು ಅವಳ ಹತ್ತಿರ ಬಂದಳು. ಒದ್ದೆ ನೆಲದಲ್ಲಿ ಜಾರಿ ಬಿದ್ದು ಎರಡು ದಿನವಾಗಿತ್ತು, ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಏನೆಂದುಕೊಳ್ಳುತ್ತಾರೋ ಎಂಬ ಅಳುಕು ಅವಳಿಗೆ.

ದೊಡ್ಡವಳು ಕೈಯಲ್ಲಿದ್ದ ಶೀಟನ್ನು ಮಡಚಿಟ್ಟು ಎದ್ದಳು. "ಊಟದ ಬಿಡುವಿದೆ ಈಗ. ಮೊದಲು ಅಪಘಾತದ ಪುಸ್ತಕದಲ್ಲಿ ಬರೆಸೋಣ, ಆಮೇಲೆ ಡಾಕ್ಟರ ಹತ್ತಿರ. ನಡಿ, ನಾನೂ ಬರ್ತೀನಿ."