ಭಿಕ್ಷೆ ಹಾಕಿದ ಶನಿವಾರ

ಕೋಪ ಏರಿದಷ್ಟೂ ಅಕ್ಕನ ಧ್ವನಿ ಇಳಿಯುತ್ತದೆ. ಈ ಗುಟ್ಟು ಗೊತ್ತಿದ್ದವನು ಆ ಕೋಣೆಯಲ್ಲಿ ಒಬ್ಬನೇ: ಅವಳ ತಮ್ಮ, ಅವಳೇ ನಡೆಸುವ ಬ್ಯಾಂಡಿನ ಡ್ರಮ್ಮರ್. ಹೆತ್ತವರು ಇಟ್ಟ ಹೆಸರು ಗುರುತಿನ ಚೀಟಿಯಲ್ಲಿ ಮಲಗಿತ್ತು. ಉಳಿದವರಿಗೆಲ್ಲ ಅವನು 'ಡೈಲಾಗ್'. ಹಾಲು ತರಲು ಕಳಿಸಿದರೂ ಅಂಗಡಿಯವನ ಮುಂದೆ ಕ್ಲೈಮ್ಯಾಕ್ಸ್ ನಡೆಸಿ ಬರುವ ಆಸಾಮಿ.

ಕೂರಲು ಕುರ್ಚಿ ಸಿಗದೆ ಅವನು ಆಫೀಸಿನ ಮುಚ್ಚಿದ ಬಾಗಿಲಿಗೆ ಒರಗಿ ನಿಂತಿದ್ದ. ಆಫೀಸು ಎನ್ನುವುದು ಮರ್ಯಾದೆಯ ಮಾತು. ವೇದಿಕೆಯ ಹಿಂದಿನ ಮೆಟ್ಟಿಲ ಕೆಳಗಿನ ಗೂಡು ಅದು. ಒಂದು ಮೇಜು, ಕೆಟ್ಟ ಸ್ಪೀಕರುಗಳ ರಾಶಿ, ಸುರುಳಿ ಸುತ್ತಿದ ಕೇಬಲ್ಲು. ಬಾಗಿಲ ಒಳಮೈಯಲ್ಲಿ ಅಲ್ಲಿ ನುಡಿಸಿ ಹೋದ ಬ್ಯಾಂಡುಗಳ ಸ್ಟಿಕ್ಕರುಗಳು ಒಂದರ ಮೇಲೊಂದು ಹತ್ತಿ ಕೂತಿದ್ದವು.

"ನಾನು ಕೇಳ್ತಿರೋದು ಒಂದೇ ಪ್ರಶ್ನೆ ಮೇಡಂ," ಎಂದಳು ಅಕ್ಕ. ಧ್ವನಿ ಆಗಲೇ ಎರಡು ಮೆಟ್ಟಿಲು ಇಳಿದಿತ್ತು. "ಈ ಶನಿವಾರ ನಮ್ಮ ಹೆಸರಲ್ಲಿತ್ತಾ, ಇರ್ಲಿಲ್ವಾ?"

"ಇತ್ತು ಮೇಡಂ. ಆದ್ರೆ..." ಹಾಲ್‌ನ ಮ್ಯಾನೇಜರ್ ಹುಡುಗಿ ತಡವರಿಸಿದಳು.

"ಆದ್ರೆ ಆಮೇಲೆ ನೋಡೋಣ. ಇತ್ತು ತಾನೇ?"

"ಇತ್ತು."

ಫಸ್ಟ್ ಫೈಟಲ್ಲೇ ಎದುರಾಳಿ ಫ್ಲಾಟ್ ಅಂದುಕೊಂಡ ಡೈಲಾಗ್. ಶಿಳ್ಳೆ ಹೊಡೆಯುವ ಆಸೆಯನ್ನು ನುಂಗಿಕೊಂಡ.

ವಿಷಯ ಇಷ್ಟೇ. ಈ ಹಾಲ್‌ನಲ್ಲಿ ಪ್ರತಿ ಶನಿವಾರ ಸಂಜೆ ಒಂದು ಬ್ಯಾಂಡು. ತಾರೀಕು ನಡೆಯುವುದು ಬಾಯಿಮಾತಿನಲ್ಲಿ. ಮೊದಲು ಕೇಳಿದವರಿಗೆ ಅದನ್ನು ಹಿಡಿದಿಡುತ್ತಾರೆ. ಅದೇ ದಿನಕ್ಕೆ ಬೇರೆ ಬ್ಯಾಂಡು ಬಂದು ಕೇಳಿದರೆ ಹಾಲ್‌ನವರು ಮೊದಲಿನವರಿಗೆ ಫೋನ್ ಮಾಡಿ, ಬೇಕಾ ಬಿಡ್ತೀರಾ ಎಂದು ವಿಚಾರಿಸಬೇಕು. ಬಿಟ್ಟೆ ಅಂದರೆ ತಾರೀಕು ಹೋಯಿತು. ಫೋನೇ ಬರದಿದ್ದರೆ ಅದು ಮೊದಲಿನವರದೇ. ಅಕ್ಕನಿಗೆ ಫೋನು ಬಂದಿರಲಿಲ್ಲ. ಹಾಗಾಗಿ ಡ್ರಮ್ಮು, ಗಿಟಾರು, ಹಾಡುಗಾರ ಎಲ್ಲರನ್ನೂ ವ್ಯಾನಿಗೆ ತುಂಬಿಕೊಂಡು ಬಂದಿದ್ದಳು. ಬಂದು ನೋಡಿದರೆ ವೇದಿಕೆಯ ಮೇಲೆ ಬೇರೆ ಯಾರೋ ಮೈಕಿಗೆ ಹಲೋ ಹಲೋ ಅನ್ನುತ್ತಿದ್ದರು.

ಆ ಬೇರೆ ಯಾರೋಗಳ ಹಿರಿಯ ಎಂದರೆ ಟ್ರಂಪೆಟ್ ನುಡಿಸುವ ಅಂಕಲ್. ಮೂಲೆಯ ಸ್ಟೂಲಿನ ಮೇಲೆ, ಟ್ರಂಪೆಟ್ ಪೆಟ್ಟಿಗೆಯನ್ನು ತೊಡೆಯ ಮೇಲೆ ಮಗುವಿನ ಹಾಗೆ ಕೂರಿಸಿಕೊಂಡು ಕೂತಿದ್ದರು. ಆಗಾಗ ಗಂಟಲು ಸರಿಮಾಡಿಕೊಂಡು, "ಅಲ್ಲಾ, ನಮ್ಮ ಹುಡುಗ್ರು ಕೋಟು ಹಾಕ್ಕೊಳ್ಳಲಾ, ಬೇಡ್ವಾ? ಅಷ್ಟು ಹೇಳ್ಬಿಡಿ," ಎನ್ನುತ್ತಿದ್ದರು. ಯಾರೂ ಹೇಳುತ್ತಿರಲಿಲ್ಲ.

ಮೇಜಿನ ಹಿಂದೆ ಹಾಲ್‌ನ ಯಜಮಾನರು. ಇಷ್ಟು ಹೊತ್ತು ಮೀಸೆ ತೀಡುವುದನ್ನೇ ಕೆಲಸ ಮಾಡಿಕೊಂಡಿದ್ದವರು ಈಗ ಮ್ಯಾನೇಜರ್ ಕಡೆ ತಿರುಗಿದರು.

"ನೋಡಮ್ಮಾ, ಹೋದ ತಿಂಗಳೂ ಇದೇ ಥರ ಒಂದು ಎಡವಟ್ಟು ಮಾಡ್ದೆ. ಇನ್ನೊಂದ್ಸಲ ಆದ್ರೆ ಬ್ಯಾಗ್ ತಗೊಂಡು ಮನೆಗೆ ಅಂದಿದ್ನಾ, ಇಲ್ವಾ? ಇವರಿಗೆ ಕೇಳ್ದೇ ತಾರೀಕು ಕೊಟ್ಟಿದ್ರೆ ಇವತ್ತೇ ನಿನ್ನ ಕೊನೇ ದಿನ."

"ಕೇಳಿದೀನಿ ಸರ್! ಫೋನ್ ಮಾಡಿದೀನಿ. ಮೇಡಂ ನಂಬರಿಗೆ ಲೈನ್ ಸಿಗ್ಲಿಲ್ಲ. ಅವರ ಬ್ಯಾಂಡಿಂದು ಇನ್ನೊಂದು ನಂಬರಿತ್ತು, ಅದಕ್ಕೆ ಮಾಡ್ದೆ. ಒಬ್ರು ಎತ್ತಿದ್ರು."

"ನಮ್ಮ ಬುಕಿಂಗ್ ನಂಬರ್ ನಂದೊಂದೇ," ಎಂದಳು ಅಕ್ಕ. "ಎತ್ತಿದೋರು ಏನಂದ್ರು?"

ಹುಡುಗಿಯ ಕಿವಿ ಕೆಂಪಾಯಿತು. "ಹೇಳಿದ್ರೆ ನೀವು ನಂಬಲ್ಲ."

"ಹೇಳಿ, ನಂಬೋದು ಬಿಡೋದು ಆಮೇಲೆ."

"'ಆ ಶನಿವಾರ... ನಾನು ನಿನಗೆ ಹಾಕ್ತಿರೋ ಭಿಕ್ಷೆ. ತಗೊಂಡು ಹೋಗಿ ಬದುಕ್ಕೋ, ಹೋಗು!' ಅಂದ್ರು. ಆಮೇಲೆ... ಜೋರಾಗಿ ನಕ್ಕರು."

ಯಜಮಾನರು ಮೊದಲು ನಕ್ಕರು. ಟ್ರಂಪೆಟ್ ಅಂಕಲ್ ಕೂಡ ತಡೆಯಲಾಗದೆ ಕಿಸಕ್ಕೆಂದರು. ಡೈಲಾಗ್ ನಗಲು ಬಾಯಿ ತೆರೆದ, ತೆರೆದ ಬಾಯಿ ಹಾಗೇ ನಿಂತಿತು.

ಅವನಿಗೆ ನೆನಪಾಯಿತು. ಕಟಿಂಗ್ ಅಂಗಡಿ. ಅರ್ಧ ಕೆನ್ನೆಗೆ ಸೋಪಿನ ನೊರೆ. ಕಿವಿಗೆ ಫೋನು. ಆ ಕಡೆಯಿಂದ ಬಲು ವಿನಯದ ಹೆಣ್ಣು ಧ್ವನಿ: "ಸರ್, ಆ ಶನಿವಾರ ನಿಮಗೆ ಬೇಕಾ, ಬಿಡ್ತೀರಾ?"

ಬ್ಯಾಂಡಿನ ಗಿಟಾರಿನವನು, ಎಲ್ಲರೂ 'ಉದ್ದ' ಎಂದು ಕರೆಯುವವನು, ದಿನಕ್ಕೊಂದು ವೇಷದಲ್ಲಿ ಫೋನ್ ಮಾಡಿ ಕಾಡುತ್ತಿದ್ದ ಕಾಲ ಅದು. ಒಮ್ಮೆ ಮಂತ್ರಿಗಳ ಪಿಎ, ಒಮ್ಮೆ ಸ್ಟೇಷನ್ನಿನ ಸಾಹೇಬ, ಒಮ್ಮೆ ನಿನ್ನ ಡ್ರಮ್ಮಿನ ಸದ್ದಿಗೆ ನಮ್ಮ ಹಸು ಹಾಲು ಕೊಡೋದೇ ನಿಲ್ಲಿಸಿದೆ ಕಣೋ ಎಂದು ಗೋಳಾಡುವ ಅಜ್ಜಿ. ಈ ಸಲ ತಂಗಿ ಕೈಲಿ ಮಾಡಿಸಿದ್ದಾನೆ, ಬಡ್ಡಿಮಗ, ಅಂದುಕೊಂಡಿದ್ದ ಡೈಲಾಗ್. ಖಳನಾಯಕನ ಧ್ವನಿ ತೆಗೆದು ಭಿಕ್ಷೆ ಹಾಕಿದ್ದ. ಕಟಿಂಗ್ ಮಾಡುವವನು ರೇಜರ್ ಬಿಟ್ಟು ನಕ್ಕದ್ದನ್ನು ನೋಡಿ, ಅವನ ಖುಷಿಗೆಂದು ಆ ದೊಡ್ಡ ನಗುವನ್ನೂ ಉಚಿತವಾಗಿ ಸೇರಿಸಿದ್ದ. ಆಮೇಲೆ ಆ ವಿಷಯ ಮರೆತೇ ಹೋಗಿತ್ತು.

ಡೈಲಾಗ್ ತೆರೆದ ಬಾಯಿ ಮುಚ್ಚಿಕೊಂಡ.

"ಸಿನಿಮಾ ಕಥೆ ಹೇಳ್ತೀಯಾ ನಂಗೆ?" ಯಜಮಾನರ ನಗು ಆರಿತ್ತು. "ಹೊಟ್ಟೆಪಾಡಿಗೆ ನುಡಿಸೋ ಯಾವ ಬ್ಯಾಂಡಿನೋನಾದ್ರೂ ಶನಿವಾರವನ್ನ ಭಿಕ್ಷೆ ಹಾಕ್ತಾನೇನಮ್ಮಾ?"

ಡೈಲಾಗ್ ಅಕ್ಕನ ಮುಖ ನೋಡಿದ. ಪಕ್ಕದ ನೋಟ ಮಾತ್ರ ಸಿಗುತ್ತಿತ್ತು. ಅವಳಿಗೆ ತಿಳಿಯಿತಾ? ಆ ನಗುವನ್ನು ಅವಳು ಊಟದ ತಟ್ಟೆಯ ಮುಂದೆ ವರ್ಷಗಟ್ಟಲೆ ಕೇಳಿದವಳು. ಆದರೆ ಅವಳು ತಿರುಗಲಿಲ್ಲ.

"ಯಾವ ನಂಬರಿಗೆ ಮಾಡಿದ್ರಿ?" ಎಂದು ಕೇಳಿದಳು. ಧ್ವನಿ ಈಗ ನೆಲ ಮುಟ್ಟಿತ್ತು.

"ಈ ಆಫೀಸ್ ಫೋನಿಂದ ಮಾಡಿದ್ದು. ನಂಬರ್ ನೆನಪಿಲ್ಲ ಮೇಡಂ. ನಿಮ್ಮ ಬ್ಯಾಂಡಿನ ಸ್ಟಿಕ್ಕರಲ್ಲಿತ್ತು. ಹಳದಿ ಸ್ಟಿಕ್ಕರ್. ಆ ಬಾಗಿಲ ಮೇಲೆ."

ಎಲ್ಲರೂ ಬಾಗಿಲು ನೋಡಿದರು. ಬಾಗಿಲಿನಷ್ಟೇ ಅಗಲವಾಗಿ ಡೈಲಾಗ್ ನಿಂತಿದ್ದ.

ಹಳದಿ ಸ್ಟಿಕ್ಕರು ಅವನದೇ ಐಡಿಯಾ. ಅಭಿಮಾನಿಗಳು ಫೋನ್ ಮಾಡುತ್ತಾರೆಂದು ತನ್ನ ನಂಬರು ಹಾಕಿಸಿದ್ದ. ಅಕ್ಕನಿಗೆ ಹೇಳಿರಲಿಲ್ಲ. ಅಭಿಮಾನಿ ಒಬ್ಬನೂ ಮಾಡಿರಲಿಲ್ಲ. ಹಿಂದಿನ ಸಲ ಇಲ್ಲಿ ನುಡಿಸಿದಾಗ ಒಂದನ್ನು ಈ ಬಾಗಿಲಿಗೆ ಅಂಟಿಸಿದ್ದ. ಬೆನ್ನ ಹಿಂದೆ ಕೈ ಆಡಿಸಿದ. ಸೊಂಟದ ಹತ್ತಿರ, ಎಡಗಡೆ, ಹೊಸ ಪ್ಲಾಸ್ಟಿಕ್ಕಿನ ನುಣುಪು. ಸಿಕ್ಕಿತು.

ಬುದ್ಧಿಗಿಂತ ಮೊದಲು ಉಗುರು ಕೆಲಸ ಶುರು ಮಾಡಿತ್ತು. ಮೂಲೆ ಎದ್ದಿತು.

"ಏನಪ್ಪಾ, ಸ್ವಲ್ಪ ಆ ಕಡೆ ಬಾ," ಎಂದರು ಯಜಮಾನರು.

"ಬಂದೆ ಸರ್. ಕಾಲು ಜೋಮು ಹಿಡಿದುಬಿಟ್ಟಿದೆ. ಒಂದೇ ನಿಮಿಷ." ಮೊಣಕಾಲು ಒತ್ತಿಕೊಳ್ಳುವವನಂತೆ ಬಗ್ಗಿದ. ಹಿಂದಿನ ಕೈ ಎಳೆಯಿತು. ಅಂಟು ಬಿಡುವ ಸಣ್ಣ ಸದ್ದು. ಅದನ್ನು ಮುಚ್ಚಲು ಜೋರಾಗಿ ಕೆಮ್ಮಿದ. ಸ್ಟಿಕ್ಕರು ಮುದುಡಿ ಮುಷ್ಟಿಯೊಳಗೆ ಬಂತು. ಕುಂಟುತ್ತಾ ಪಕ್ಕಕ್ಕೆ ಸರಿದ. ನಟನೆಗೆ ನೂರಕ್ಕೆ ನೂರು.

ಬಾಗಿಲ ಮೇಲೆ ಹಸಿರು, ಕಪ್ಪು, ಕೆಂಪು, ಎಲ್ಲ ಇತ್ತು. ಹಳದಿ ಇರಲಿಲ್ಲ. ಮ್ಯಾನೇಜರ್ ಎದ್ದು ಬಂದು ಬೆರಳಿಟ್ಟು ಒಂದೊಂದನ್ನೇ ನೋಡಿದಳು. ಒಂದು ಕಡೆ ಬೆರಳು ಅಂಟಿಕೊಂಡಿತು. ಅಲ್ಲೇ ನಿಂತಳು.

"ಇಲ್ಲೇ ಇತ್ತು ಸರ್. ಆಣೆಗೂ. ಇಲ್ಲೇ..."

"ಸಾಕು. ಬೀಗದ ಕೈ ಇಡು."

ಅವಳು ವಾದ ಮಾಡುತ್ತಾಳೆ, ಅಳುತ್ತಾಳೆ, ಏನಾದರೂ ಒಂದು ಅನ್ನುತ್ತಾಳೆ ಎಂದು ಡೈಲಾಗ್ ಕಾದ. ಹೀಗಾದಾಗ ಹಿನ್ನೆಲೆಯಲ್ಲಿ ವಯಲಿನ್ ಬರಬೇಕು. ಏನೂ ಬರಲಿಲ್ಲ. ಅವಳು ಸೊಂಟದ ಗೊಂಚಲಿನಿಂದ ತನ್ನ ಮನೆಯ ಬೀಗದ ಕೈಯೊಂದನ್ನು ಬಿಚ್ಚಿಕೊಳ್ಳತೊಡಗಿದಳು. ರಿಂಗು ಬಿಗಿಯಾಗಿತ್ತು. ಬೆರಳು ಮತ್ತೆ ಮತ್ತೆ ಜಾರುತ್ತಿತ್ತು. ಟ್ರಂಪೆಟ್ ಅಂಕಲ್, "ತಾ ಮಗಳೇ, ನಾನು ಬಿಚ್ಚಿ ಕೊಡ್ತೀನಿ," ಎಂದು ಕೈ ಚಾಚಿ ಬಿಚ್ಚಿಕೊಟ್ಟರು. ಉಳಿದ ಗೊಂಚಲನ್ನು ಅವಳು ಯಜಮಾನರ ಮುಂದೆ ಇಟ್ಟಳು.

"ನೀವೂ ಗಂಟು ಕಟ್ಟಿ," ಎಂದರು ಯಜಮಾನರು ಅವರಿಗೆ. "ಬೇಜಾರು ಮಾಡ್ಕೋಬೇಡಿ. ತಾರೀಕು ಇವರದು." ಆಮೇಲೆ ಅಕ್ಕನ ಕಡೆ ನೋಡಿ, "ನಿಮ್ಮೋರಿಗೆ ಸಾಮಾನು ಇಳಿಸೋಕೆ ಹೇಳಿ ಮೇಡಂ."

ಅಕ್ಕ ಅಲ್ಲಾಡಲಿಲ್ಲ. ಗೆದ್ದವಳು ಹೀಗೇಕೆ ಕೂತಿದ್ದಾಳೆ ಎಂದು ಡೈಲಾಗ್ ಅವಳ ಕೈ ನೋಡಿದ. ಅವಳು ತನ್ನ ಹೆಬ್ಬೆರಳನ್ನು ಉಳಿದ ಬೆರಳುಗಳೊಳಗೆ ಮಡಚಿ ಹಿಸುಕುತ್ತಿದ್ದಳು. ಅವಳು ಕಾಯುತ್ತಿದ್ದಳು. ಯಾರಿಗೆ ಎಂದು ಅವನಿಗೆ ಅರ್ಥವಾಯಿತು.

ಮುಷ್ಟಿಯೊಳಗಿನ ಅಂಟು ಅಂಗೈಗೆ ಕಚ್ಚಿತ್ತು. ತೆರೆಯಲು ಹೋದರೆ ಬೆರಳುಗಳೂ ಕಷ್ಟಪಟ್ಟೇ ಬಿಟ್ಟವು.

"ಸರ್." ಕೈ ಮುಂದೆ ಹಿಡಿದ. "ಸ್ಟಿಕ್ಕರ್ ಇಲ್ಲಿದೆ. ಈಗ ತಾನೇ ಕಿತ್ತೆ. ಅದರಲ್ಲಿರೋ ನಂಬರ್ ನಂದು. ಮಾತಾಡಿದ್ದೂ ನಾನೇ."

ಯಜಮಾನರು ಮುದುಡಿದ ಹಳದಿ ಉಂಡೆಯನ್ನು ನೋಡಿದರು, ಅವನನ್ನು ನೋಡಿದರು, ಆ ಹುಡುಗಿಯನ್ನು ನೋಡಿದರು. ತುಟಿಯಂಚಲ್ಲಿ ಒಂದು ವಕ್ರ ನಗು ಬಂತು.

"ಓಹೋ. ಹೀರೋ ಎಂಟ್ರಿ! ಹುಡುಗಿ ಸಪ್ಪೆ ಮುಖ ನೋಡಿದ ಕೂಡ್ಲೇ ತಪ್ಪು ತಲೆ ಮೇಲೆ ಹಾಕ್ಕೊಳ್ಳೋಕೆ ಬಂದ್ಯಾ? ಗೆದ್ದಿರೋ ಶನಿವಾರ ಯಾರಪ್ಪಾ ಬಿಡ್ತಾರೆ? ನಂಬರ್ ನಿಂದಿರಬಹುದು. ಇವಳು ಫೋನ್ ಮಾಡಿದ್ಲು ಅನ್ನೋದಕ್ಕೆ ಏನು ಗ್ಯಾರಂಟಿ?"

ಜೀವಮಾನದಲ್ಲಿ ಒಂದೇ ಒಂದು ಸಲ ನಿಜ ಹೇಳಲು ಹೊರಟರೆ ಅದನ್ನೂ ಡೈಲಾಗ್ ಅಂದುಕೊಂಡರಲ್ಲ!

ಆಗ ಅಕ್ಕ ತಿರುಗಿದಳು. ಮೊದಲ ಸಲ ನೇರವಾಗಿ ಅವನನ್ನು ನೋಡಿದಳು. "ಫೋನಲ್ಲಿ ಹೇಗಂದ್ಯೋ ಹಾಗೇ ಅನ್ನು."

"ಅಕ್ಕಾ, ಇಲ್ಲೇನಾ?"

"ಇಲ್ಲೇ. ನಗುನೂ ಸೇರಿಸಿ. ಮೇಡಂ, ನೀವು ಕೇಳಿಸ್ಕೊಳ್ಳಿ. ಆ ಧ್ವನಿ ಅಲ್ಲ ಅನ್ಸಿದ್ರೆ ಅಲ್ಲ ಅಂತಲೇ ಹೇಳಿ."

ಹುಡುಗಿ ಕಣ್ಣು ಮುಚ್ಚಿಕೊಂಡಳು, ಫೋನಿನಲ್ಲಿ ಮುಖ ಕಾಣುವುದಿಲ್ಲವಲ್ಲ, ಹಾಗೆ. ಡೈಲಾಗ್ ಎದೆ ಸೆಟೆಸಿದ. ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಕಾಲೇಜಿನ ಕ್ಯಾಂಟೀನಿನಲ್ಲಿ ಸಲೀಸಾಗಿ ಬರುತ್ತಿದ್ದ ಧ್ವನಿ ಎಲ್ಲೋ ಅಡಗಿ ಕೂತಿತ್ತು. ಹುಡುಕಿ ಎಳೆದು ತಂದ.

"ಆ ಶನಿವಾರ... ನಾನು ನಿನಗೆ ಹಾಕ್ತಿರೋ ಭಿಕ್ಷೆ! ತಗೊಂಡು ಹೋಗಿ ಬದುಕ್ಕೋ... ಹೋಗು!"

ಆಮೇಲೆ ನಕ್ಕ. ಅಷ್ಟುದ್ದ ನಗು ಅದು ಎಂದು ಅವನಿಗೇ ಗೊತ್ತಿರಲಿಲ್ಲ, ಮುಗಿಯಲೇ ಒಲ್ಲದು. ಸ್ಪೀಕರುಗಳ ರಾಶಿಗೆ ಬಡಿದು ವಾಪಸು ಅವನ ಮುಖಕ್ಕೇ ಬಂತು. ಕೋಣೆಯಲ್ಲಿ ಒಬ್ಬರೂ ನಗಲಿಲ್ಲ.

"ಇದೇ," ಎಂದಳು ಹುಡುಗಿ, ಕಣ್ಣು ತೆರೆಯದೆ. "ಇವರೇ ಸರ್."

ಅಕ್ಕ ಎದ್ದು ನಿಂತಳು. "ಸರ್, ಮೇಡಂ ಮಾಡಬೇಕಾದ ಕೆಲಸ ಸರಿಯಾಗಿ ಮಾಡಿದಾರೆ. ಫೋನ್ ಮಾಡಿದಾರೆ, ಉತ್ತರ ತಗೊಂಡಿದಾರೆ. ಉತ್ತರ ಕೆಟ್ಟದಾಗಿತ್ತು, ಅದು ನಮ್ಮ ತಪ್ಪು. ತಾರೀಕು ಇವರದು." ಟ್ರಂಪೆಟ್ ಅಂಕಲ್ ಕಡೆ ತಿರುಗಿ ಕೈ ಮುಗಿದಳು. "ಕ್ಷಮಿಸಿ ಸರ್. ನಿಮ್ಮ ಹುಡುಗ್ರಿಗೆ ಕೋಟು ಹಾಕ್ಕೊಳ್ಳೋಕೆ ಹೇಳಿ."

ಅಂಕಲ್ ಪೆಟ್ಟಿಗೆ ಎತ್ತಿಕೊಂಡು ಎದ್ದೇಬಿಟ್ಟರು. ಬಾಗಿಲಲ್ಲಿ ಡೈಲಾಗನ ಭುಜದ ಮೇಲೊಮ್ಮೆ ಕೈಯಿಟ್ಟು, "ಧ್ವನಿ ಚೆನ್ನಾಗಿದೆ ಕಣಯ್ಯಾ," ಎಂದರು. ಹೊಗಳಿದ್ದೋ ಉಗಿದದ್ದೋ ತಿಳಿಯಲಿಲ್ಲ.

ಅಕ್ಕ ಮಾತ್ರ ಹೊರಡಲಿಲ್ಲ.

"ಇನ್ನೇನಮ್ಮಾ?" ಎಂದರು ಯಜಮಾನರು.

"ಬೀಗದ ಕೈ, ಸರ್. ನಮ್ಮೆದುರಿಗೆ ಕಿತ್ಕೊಂಡ್ರಿ. ನಮ್ಮೆದುರಿಗೇ ಕೊಟ್ಬಿಡಿ."

ಯಜಮಾನರ ಮೀಸೆ ಒಮ್ಮೆ ಅದುರಿತು. ಗೋಡೆ ನೋಡಿದರು, ಫ್ಯಾನು ನೋಡಿದರು. ಅಕ್ಕ ನಿಂತೇ ಇದ್ದಳು. ಕೊನೆಗೆ ಗೊಂಚಲನ್ನು ಮೇಜಿನ ಮೇಲೆ ಆ ಕಡೆಗೆ ತಳ್ಳಿದರು. "ತಗೋಮ್ಮಾ. ಹೋಗು, ಹೊರಗೆ ಜನ ಬರ್ತಿದಾರೆ ನೋಡು." ಹುಡುಗಿ ಗೊಂಚಲು ಎತ್ತಿಕೊಂಡಳು. ಹೋಗುವಾಗ ಡೈಲಾಗನ ಮುಂದೆ ಒಂದು ಕ್ಷಣ ನಿಂತಳು. ಏನೋ ಹೇಳುತ್ತಾಳೆಂದು ಅವನು ತಲೆ ತಗ್ಗಿಸಿದ. ಅವಳು ಬಾಗಿಲು ದಾಟಿ ಹೋದಳು. ಬೈದಿದ್ದರೆ ವಾಸಿಯಿತ್ತು.

ಹಿಂದಿನ ಬೀದಿಯಲ್ಲಿ ವ್ಯಾನು ನಿಂತಿತ್ತು. ಡ್ರಮ್ಮಿನ ಪೆಟ್ಟಿಗೆಯ ಮೇಲೆ ಗಿಟಾರಿನ 'ಉದ್ದ' ಕಾಲಾಡಿಸುತ್ತಾ ಕೂತಿದ್ದ. ಹಾಡುಗಾರ ಬಿಸಿನೀರಿನ ಫ್ಲಾಸ್ಕು ಹಿಡಿದು ಗಂಟಲು ಪಳಗಿಸುತ್ತಿದ್ದ.

"ಏನಾಯ್ತು ಅಕ್ಕಾ? ಇಳಿಸೋಣ್ವಾ?"

"ಇವನೇ ಹೇಳ್ತಾನೆ," ಎಂದು ಅಕ್ಕ ಸ್ಟೇರಿಂಗ್ ಹಿಂದೆ ಹೋಗಿ ಕೂತಳು.

ಡೈಲಾಗ್ ಹೇಳಿದ. ಕಟಿಂಗ್ ಅಂಗಡಿ, ನೊರೆ, ಫೋನು, ಭಿಕ್ಷೆ. ಭಿಕ್ಷೆಯ ಹತ್ತಿರ ಬರುವಷ್ಟರಲ್ಲಿ 'ಉದ್ದ' ಪೆಟ್ಟಿಗೆ ಬಡಿದುಕೊಂಡು ನಗುತ್ತಿದ್ದ. ಹಾಡುಗಾರನಿಗೆ ಬಿಸಿನೀರು ನೆತ್ತಿಗೇರಿತು. "ಶನಿವಾರನೇ ಭಿಕ್ಷೆ ಹಾಕ್ಬಿಟ್ಟ! ಸೂಪರ್ ಮಗಾ! ಆಮೇಲೆ?" ಎಂದ 'ಉದ್ದ'.

"ನಿಜ ಕಣ್ರೋ. ಇವತ್ತು ನಾವು ನುಡಿಸ್ತಿಲ್ಲ."

"ಅಯ್ಯೋ, ಆ ಮುಖ ನೋಡೋ! ಇವನಿಗೆ ಅವಾರ್ಡ್ ಕೊಡ್ರಪ್ಪಾ ಯಾರಾದ್ರೂ!"

ಆಗ ಗೋಡೆಯಾಚೆ ಟ್ರಂಪೆಟ್ ಶುರುವಾಯಿತು. ಚಪ್ಪಾಳೆ ಕೇಳಿಸಿತು. ಉದ್ದನ ಕಾಲು ಆಡುವುದು ನಿಂತಿತು. ಗೋಡೆಯ ಕಡೆ ನೋಡಿದ, ಅಕ್ಕನ ಬೆನ್ನಿನ ಕಡೆ ನೋಡಿದ, ಕೊನೆಗೆ ಡೈಲಾಗನ ಕಡೆ.

"ಏನಂದೆ ನೀನು?" ಎಂದು ಕೇಳಿದ. "ಇನ್ನೊಂದ್ಸಲ ಹೇಳು."

ಡೈಲಾಗ್ ಮತ್ತೆ ಮೊದಲಿಂದ ಶುರು ಮಾಡಿದ. ಈ ಸಲ ಖಳನಾಯಕನ ಧ್ವನಿ ತೆಗೆಯದೆ, ತನ್ನದರಲ್ಲೇ. ಅದು ಇಷ್ಟು ಸಣ್ಣದೆಂದು ಅವನಿಗೆ ಗೊತ್ತಿರಲಿಲ್ಲ. ಟ್ರಂಪೆಟ್ಟಿನ ಸದ್ದಿನಲ್ಲಿ ಕೇಳಿಸದೆ ಇಬ್ಬರೂ ಹತ್ತಿರ ಬಗ್ಗಿದರು.