ಹಾರ್ಟ್‌ವೆಲ್ ಅಂಗಡಿಯ ತೇಗದ ಮೆಟ್ಟಿಲು

ಫೋರ್ಟ್ ಪೇಟೆಯ ಹಾರ್ಟ್‌ವೆಲ್ ಅಂಗಡಿಯ ದೊಡ್ಡ ಮೆಟ್ಟಿಲನ್ನು ಶನಿವಾರ ಕಿತ್ತು ಹಾಕುತ್ತಾರೆ ಎಂಬ ಸುದ್ದಿ ಕಸ ಗುಡಿಸುವ ದಾನವ್ವನ ಕಿವಿಗೆ ಬಿದ್ದದ್ದು ಮಂಗಳವಾರ. ಅವಳಿಗೆ ಮೈಯೆಲ್ಲ ಉರಿದುಹೋಯಿತು. ಉರಿಯದೆ ಏನು? ಆ ಮೆಟ್ಟಿಲನ್ನು ಕಟ್ಟಿದವರು ಅವಳ ಮಾವ, ಧಾರವಾಡದ ಕಡೆಯಿಂದ ಉಳಿ ಬಾಚಿ ಹೊತ್ತು ಬಂದ ಬಡಿಗೇರ ಸಿದ್ದಲಿಂಗಪ್ಪ.

ಅದು ಅಂತಿಂಥ ಅಂಗಡಿಯಲ್ಲ. ಕುರ್ಲಾದ ಕಪ್ಪುಕಲ್ಲಿನ ಬುನಾದಿ, ಪೋರಬಂದರಿನ ಬಿಳಿಗಲ್ಲಿನ ಕಮಾನು, ಹಡಗಿನಲ್ಲಿ ಬಂದಿಳಿದ ಎರಕದ ಕಂಬಗಳು, ನೆತ್ತಿಯ ಮೇಲೆ ಗಾಜಿನ ಗುಮ್ಮಟ. ಗುಂಡುಸೂಜಿಯಿಂದ ಪಿಯಾನೋದವರೆಗೆ ಎಲ್ಲ ಒಂದೇ ಸೂರಿನಡಿ. ಹಿಂದೆ ಅಲ್ಲಿ ದೊರೆಸಾನಿಯರು ಟೋಪಿ ಕೊಳ್ಳುತ್ತಿದ್ದರು. ದೊರೆಗಳು ಗಂಟುಮೂಟೆ ಕಟ್ಟಿ ಏಳು ವರ್ಷವಾಗಿ, ಈಗ ದಾದರಿನ ಮಾಸ್ತರರ ಹೆಂಡತಿಯರೂ ಧೈರ್ಯವಾಗಿ ಸೀರೆ ಬಿಡಿಸಿ ನೋಡುತ್ತಾರೆ. ದಾನವ್ವನನ್ನು ಕೇಳಿದರೆ ಕಲ್ಲು, ಗಾಜು ಎಲ್ಲ ಹೊಟ್ಟು, ಕಾಳು ಎಂದರೆ ಆ ತೇಗದ ಮೆಟ್ಟಿಲು.

ಅರ್ಧಕ್ಕೆ ಬಂದು ಎರಡಾಗಿ ಕವಲೊಡೆದು ಮೇಲೇರುವ ಅದಕ್ಕೆ ಮಾವ ಒಂದು ಮೊಳೆಯನ್ನೂ ಹೊಡೆದಿರಲಿಲ್ಲ. ಎಲ್ಲ ನಿಂತದ್ದು ಬೆಣೆಯ ಮೇಲೆ. ಮರ ಮಳೆಗೆ ಹಿಗ್ಗುತ್ತದೆ, ಚಳಿಗೆ ಕುಗ್ಗುತ್ತದೆ. ಅದಕ್ಕೇ ಮಳೆಗೆ ಮುಂಚೆ ಬೆಣೆ ಸಡಿಲಿಸಬೇಕು, ದೀಪಾವಳಿ ಕಳೆದ ಮೇಲೆ ಬಿಗಿಯಬೇಕು. ಮಾವನ ನಂತರ ಆ ಕೆಲಸ ಮಾಡುತ್ತಿದ್ದವನು ಗಂಡ ಶೆಟ್ಟೆಪ್ಪ. ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಕಂದೀಲು ಹಿಡಿದು ನಿಲ್ಲುತ್ತಿದ್ದವಳು ದಾನವ್ವ. ನಾಲ್ಕು ವರ್ಷದ ಹಿಂದೆ ಶೆಟ್ಟೆಪ್ಪ ತೀರಿಕೊಂಡ, ಮೆಟ್ಟಿಲು ಕಿರುಗುಟ್ಟತೊಡಗಿತು. ಹೊಸ ಬಡಗಿ ಬಂದವನೇ ನಾಲ್ಕಿಂಚಿನ ಮೊಳೆ ಜಡಿದ. ಬೇಡವೆಂದು ದಾನವ್ವ ಆಗಲೇ ಬಡಕೊಂಡಿದ್ದಳು. ಕಸಬರಿಗೆ ಹಿಡಿದವಳ ಮಾತು ಯಾರಿಗೆ ಬೇಕು? ಈಗ ಹಲಗೆಗಳು ಸೀಳಿ, ಕಾಲಿಟ್ಟಲ್ಲೆಲ್ಲ ಚೀರುತ್ತಿದ್ದವು.

ಅವಳು ನೇರ ಮ್ಯಾನೇಜರ್ ರಮಾನಾಥನ ಕೋಣೆಗೆ ನುಗ್ಗಿದಳು. ಅವನು ಮಂಗಳೂರಿನವನು.

"ಮೆಟ್ಟಿಲು ಸತ್ತಿದೆ ಅಂತ ಎಂಜಿನಿಯರೇ ಬರೆದುಕೊಟ್ಟಿದ್ದಾರೆ. ನಿನಗೆ ಎಂತ ಗೊತ್ತುಂಟು ಮಾರಾಯ್ತಿ?"

"ಸತ್ತಿಲ್ರೀ ಸಾಹೇಬ್ರ. ಮೊಳಿ ಹೊಡದು ಕಟ್ಟಿ ಹಾಕೀರಿ, ಅದಕ್ಕ ಒದರಾಕತ್ತೈತಿ. ಮೂರು ದಿನಾ ಕೊಡ್ರಿ. ಆಮ್ಯಾಲೂ ಒದರಿದ್ರ ಅದನ್ನೂ ಕೀಳ್ರಿ, ನನ್ನೂ ಕೆಲಸದಿಂದ ತಗೀರಿ."

ರಮಾನಾಥ ಕೆಟ್ಟವನಲ್ಲ. ಆ ಮೆಟ್ಟಿಲು ಹೋದರೆ ಅಂಗಡಿಯ ಕಳೆಯೇ ಹೋಗುತ್ತದೆಂದು ಅವನಿಗೂ ಸಂಕಟವಿತ್ತು. ಒಪ್ಪಿದ.

ಮೊಳೆ ಜಡಿದ ಬಡಗಿಯ ಕೈಯಲ್ಲೇ ದಾನವ್ವ ಒಂದೊಂದನ್ನೂ ಕೀಳಿಸಿದಳು, ಸೀಳಿದ ಹಲಗೆ ಬದಲಿಸಿದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮರದ ಕೊಡತಿ ಹಿಡಿದು ಗೂಡಿಗೆ ಇಳಿದಳು. ಸಡಿಲ ಬೆಣೆ ಬಡಿದರೆ ಡಬ್ ಎನ್ನುತ್ತದೆ, ಬಿಗಿದದ್ದು ಟಣ್ ಎನ್ನುತ್ತದೆ. ಕಂದೀಲು ಹಿಡಿದ ಇಪ್ಪತ್ತು ವರ್ಷ ಅವಳ ಕಿವಿ ಸುಮ್ಮನೆ ಕೂತಿರಲಿಲ್ಲ.

ಶನಿವಾರ ಬೆಳಿಗ್ಗೆ ಎಂಜಿನಿಯರ್ ಬಂದು ರಮಾನಾಥನ ಜೊತೆ ಮೇಲುಮಹಡಿಯಲ್ಲಿ ನಿಂತರು. ಮೆಟ್ಟಿಲ ಪರೀಕ್ಷೆಗೆ ಕಬ್ಬಿಣದ ತಿಜೋರಿ ಹೊತ್ತು ಎಂಟು ಜನ ಹಮಾಲರು ಹತ್ತುವುದೆಂದು ನಿಗದಿಯಾಗಿತ್ತು. ಎಲ್ಲರೂ ದೂರ ಸರಿದರೆ ದಾನವ್ವ ಗೂಡಿನೊಳಗೆ ಹೋಗಿ ನಿಂತಳು.

"ಹೊರಗೆ ಬಾ! ಬಿದ್ದರೆ ಎಂತ ಮಾಡುವುದು?" ರಮಾನಾಥ ಹೌಹಾರಿದ.

"ಮೊದಲನೇ ಭಾರಕ್ಕ ಕಟ್ಟಿದವರ ಮನಿಯವರು ಬುಡಕ್ಕ ನಿಂದರಬೇಕ್ರಿ. ನಮ್ಮ ಮಾವನೂ ನಿಂತಿದ್ರು."

ಹಮಾಲರು ಹತ್ತಿದರು. ಅವಳ ತಲೆಯ ಮೇಲೆ ಹದಿನಾರು ಪಾದಗಳು ಒಂದೊಂದಾಗಿ ದಾಟಿದವು. ಮೆಟ್ಟಿಲು ಕಮಕ್ ಕಿಮಕ್ ಎನ್ನಲಿಲ್ಲ. ದಾನವ್ವನ ಎದೆ ಉಬ್ಬಿ ಕಣ್ಣು ತುಂಬಿ ಬಂತು.

ಮೇಲಿನಿಂದ ರಮಾನಾಥ ಖುಷಿಯಲ್ಲಿ ಕೂಗಿದ. "ದಾನವ್ವಾ, ಮೇಲೆ ಬಾ! ಇದು ಹೇಗೆ ಅಂತ ಎಂಜಿನಿಯರಿಗೆ ನಿನ್ನಿಂದ ತಿಳಿಯಬೇಕಂತೆ!"

ಅವಳು ಗೂಡಿನಿಂದ ಕತ್ತು ಮಾತ್ರ ಹೊರಗೆ ಹಾಕಿದಳು.

"ಅವರನ್ನ ಇಳದು ಬರಾಕ ಹೇಳ್ರಿ. ಬೆಣಿ ಇರೂದು ಇಲ್ಲೆ, ಮ್ಯಾಲ ಏನೈತಿ?"