ಮೆರಿಟ್‌ನ ಡೇಲಿಯಾ

ಥೆಲ್ಮಾ ಎರಡನೆಯ ಗಿಡದ ಬುಡಕ್ಕೆ ದೊಡ್ಡ ಕತ್ತರಿ ಇಟ್ಟು ಮೈಭಾರವನ್ನೆಲ್ಲ ಹಾಕಿ ಒತ್ತಿದಳು. ಕಟಕ್ಕೆಂದು ಮುರಿದ ಗಿಡ ಟೊಮೆಟೊ ಸಾಲಿನ ಮೇಲೆ ಉರುಳಿದ ರಭಸಕ್ಕೆ ಇಡೀ ವರ್ಮಾಂಟ್ ರಾಜ್ಯ ಒಮ್ಮೆ ಅಲುಗಿತು. ನಂಬದವರು ನಂಬಬೇಡಿ, ಅಲುಗಿದ್ದು ನಿಜ. ಆಳೆತ್ತರ ಮೀರಿದ ಗಿಡ, ಮೈತುಂಬ ಕೆಂಪು ಡೇಲಿಯಾ.

“ಇವೆರಡು ಮೆರಿಟ್‌ನ ಶವಪೆಟ್ಟಿಗೆಯ ಅಕ್ಕಪಕ್ಕ ಇಡ್ಬೇಕು,” ಎಂದಳು. “ನನ್ನ ತಮ್ಮ ಈ ಹೂವನ್ನ ಮಗು ಸಾಕಿದ ಹಾಗೆ ಸಾಕಿದ್ದ.”

ಸೂರ್ಯಕಾಂತಿಗಳನ್ನು ತಬ್ಬಿಕೊಂಡು ನಿಂತಿದ್ದ ಪಾದ್ರಿ ಕೊರಿನ್‌ಳ ತೆರೆದ ಬಾಯಿ ಮುಚ್ಚಲಿಲ್ಲ. ಅವಳು ಊರಿಗೆ ಬಂದು ಎಂಟು ತಿಂಗಳಾಗಿತ್ತಷ್ಟೆ.

“ಥೆಲ್ಮಾ ಅವ್ರೇ, ಆ ಗಿಡ...”

“ಗೊತ್ತು, ಚರ್ಚಿಗೆ ಸ್ವಲ್ಪ ದೊಡ್ಡದಾಯ್ತು. ಆ ಕಡೆ ಹಿಡ್ಕೊಳ್ಳಿ.”

ಕೊರಿನ್ ಹಿಡಿದುಕೊಂಡಳು. ಥೆಲ್ಮಾ ಹಿಡಿ ಎಂದರೆ ಉರಿಯುವ ಕೆಂಡವನ್ನೂ ಹಿಡಿಯುವ ಊರು ನಮ್ಮದು.

ನಮ್ಮಲ್ಲಿ ಸತ್ತವರಿಗೆ ಅಂಗಡಿಯ ಹೂ ತರುವುದಿಲ್ಲ. ಅವರವರ ತೋಟದಲ್ಲಿ ಆ ದಿನ ಏನು ಬೆಳೆದು ನಿಂತಿದೆಯೋ ಅದೇ ಚರ್ಚಿಗೆ ಬರಬೇಕು, ಆಮೇಲೆ ಪೆಟ್ಟಿಗೆಯ ಜೊತೆ ಕುಣಿಗಿಳಿಯಬೇಕು. ಥೆಲ್ಮಾಳಿಗೆ ಎಪ್ಪತ್ತೊಂಬತ್ತು. ಮೂವತ್ತು ವರ್ಷದ ಹಿಂದೆ ಬಂದ ಜ್ವರವೊಂದು ಮೂಗಿನ ವಾಸನೆ ಹಿಡಿಯುವ ಶಕ್ತಿಯನ್ನು ಕೊಂಡೊಯ್ದಿತ್ತು. ಕಣ್ಣಿಗೆ ಪೊರೆ. ಕನ್ನಡಕ ಹಾಕಿದರೆ ವಯಸ್ಸಾದಂತೆ ಕಾಣುತ್ತದೆಂದು ಅದು ಸದಾ ಚೀಲದೊಳಗೇ. ನೆಟ್ಟಗೆ ಉಳಿದದ್ದು ಹತ್ತು ಬೆರಳು. ಅವುಗಳಿಂದ ಐವತ್ತೆರಡು ವರ್ಷ ಚರ್ಚಿನ ಆರ್ಗನ್ ನುಡಿಸಿದ್ದಳು. ಕೇಳಲು ದೇವದೂತರು ಮಾಡಿನ ಮೇಲೆ ಬಂದು ಕೂರುತ್ತಿದ್ದರು. ಹೆಂಚು ಸರಿದದ್ದಕ್ಕೆ ಬೇರೆ ಕಾರಣವನ್ನು ಈವರೆಗೆ ಯಾರೂ ಕೊಟ್ಟಿಲ್ಲ.

* * *

ನಾಲ್ಕು ವರ್ಷದ ಹಿಂದೆ, ಮಾರ್ಚ್ ತಿಂಗಳ ಊರ ಸಭೆ. ಊರಿಗೆ ಗಾಂಜಾ ಅಂಗಡಿ ಬೇಕೇ ಬೇಡವೇ ಎಂಬುದು ಪ್ರಶ್ನೆ. ಥೆಲ್ಮಾ ಎದ್ದು ನಿಂತು, ಗಾಂಜಾ ಎಲೆಯ ಚಿತ್ರವೊಂದನ್ನು ಬೀಸುತ್ತ ಮಾತಾಡಿದಳು. ಅವಳು ಕೂರುವಷ್ಟರಲ್ಲಿ ಹೊರಗೆ ಹಿಮ ಕರಗಿ ವಸಂತ ಬಂದು ಹೋಗಿತ್ತು.

“ನಮ್ಮನೇಲಿ ಆ ಸೊಪ್ಪಿನ ಒಂದೆಲೆ ಕಂಡ್ರೂ ಈ ಕೈಯಾರೆ ಕತ್ತರಿಸಿ ಹಾಕ್ತೀನಿ!”

ಎತ್ತಿದ ಕೈಯ ಬೆರಳುಗಳು ಹದ್ದಿನ ಉಗುರಿನಂತೆ ಒಳಗೆ ಮಡಚಿಕೊಂಡಿದ್ದವು. ಸಂಧಿವಾತ. ಆ ಚಳಿಗಾಲವಿಡೀ ಅವಳು ಆರ್ಗನ್ ಮುಟ್ಟಿರಲಿಲ್ಲ. ಪಕ್ಕದಲ್ಲಿ ಮೆರಿಟ್ ಕೂತಿದ್ದ. ರಸ್ತೆಯ ಹಿಮ ತಳ್ಳುವ ಲಾರಿ ಓಡಿಸಿ ನಿವೃತ್ತನಾದವನು, ಮದುವೆಯಾಗದೆ ಅಕ್ಕನ ಜೊತೆಗೇ ಉಳಿದವನು. ಊರೆಲ್ಲ ಅವಳ ಬಾಯಿ ನೋಡುತ್ತಿದ್ದರೆ ಅವನು ಆ ಬೆರಳುಗಳನ್ನು ನೋಡುತ್ತಿದ್ದ.

ಆ ಬೇಸಿಗೆಯಲ್ಲಿ ಟೊಮೆಟೊ, ಹುರುಳಿಕಾಯಿಗಳ ಹಿಂದೆ ಎರಡು ಡೇಲಿಯಾ ಎದ್ದವು. ಅಕ್ಟೋಬರಿನಲ್ಲಿ ಅವನು ಒಂದು ಹಳೆಯ ಬೂಟ್ ಪಾಲಿಶ್ ಡಬ್ಬಿ ತಂದು ಅವಳ ಮುಂದಿಟ್ಟ. ಒಳಗೆ ಹಸಿರು ಮುಲಾಮು.

“ಏನೋ ಇದು?”

“ಪಾರ್ಸ್ಲಿ ಸೊಪ್ಪು, ಜೇನುಮೇಣ. ಬೆರಳು ನೋವಿಗೆ.”

“ಪಾರ್ಸ್ಲಿಗೆ ಅಷ್ಟೊಂದು ಗುಣ ಇದ್ಯಾ?”

“ನನ್ನ ಪಾರ್ಸ್ಲಿಗೆ ಇದೆ. ಸುಮ್ನೆ ಹಚ್ಕೊ, ಥೆಲ್.”

ಕ್ರಿಸ್‌ಮಸ್ ಹೊತ್ತಿಗೆ ಅವಳು ಮತ್ತೆ ಆರ್ಗನ್ ಮುಂದೆ ಕೂತಳು.

* * *

ಮೆರಿಟ್‌ನ ಅಂತ್ಯಕ್ರಿಯೆಗೆ ಚರ್ಚಿನಲ್ಲಿ ಮುನ್ನೂರು ಜನ. ಊರಿನ ಜನಸಂಖ್ಯೆಯೇ ಇನ್ನೂರು. ಮುನ್ನೂರು ಮೂಗುಗಳೂ ಒಮ್ಮೆಗೇ ಮೇಲೆದ್ದವು. ಕರವಸ್ತ್ರಗಳು ಹೊರಬಂದವು, ಅಳಲಿಕ್ಕಲ್ಲ. ಥೆಲ್ಮಾ ಎರಡು ಸ್ತೋತ್ರ ನುಡಿಸಿ ಕೆಳಗಿಳಿದು ಬಂದಳು. ಪೆಟ್ಟಿಗೆಯ ಮೇಲೆ ವಾಲಿದ್ದ ಒಂದು ಡೇಲಿಯಾವನ್ನು ಸರಿಪಡಿಸಲು ಕೈ ಚಾಚಿದಳು. ತೋಟದಲ್ಲಿ ಕೈಗವಸು ಇತ್ತು, ಈಗ ಇರಲಿಲ್ಲ.

ಎಸಳು ಬಟ್ಟೆಯದು.

ಬೆರಳು ಕೆಳಗಿಳಿಯಿತು. ತೊಟ್ಟಿಲ್ಲ, ತಂತಿ. ತಂತಿಯ ಕೆಳಗೆ ಏನೋ ಅಂಟಂಟು. ಅವಳು ಚೀಲ ತೆರೆದು, ಇಡೀ ಊರಿನೆದುರು ಕನ್ನಡಕ ಹಾಕಿಕೊಂಡಳು. ಎಲೆ ನೋಡಿದಳು. ಊರ ಸಭೆಯಲ್ಲಿ ತಾನೇ ಬೀಸಿ ತೋರಿಸಿದ ಚಿತ್ರದ ಎಲೆ.

ಮೊದಲ ಸಾಲಿನಿಂದ ಪಕ್ಕದ ಮನೆಯ ಡ್ವೈಟ್ ಎದ್ದು ಬಂದ. “ಥೆಲ್ಮಾ, ಕೂತ್ಕೊ.”

“ಕುಡಿದವನಲ್ಲ, ಸೇದಿದವನಲ್ಲ... ನನ್ನ ತಮ್ಮ ಇದನ್ನ ಸೇದ್ತಿದ್ನಾ?”

“ಅವನು ಬೀರ್ ಕೂಡ ಮುಟ್ಟಿದವನಲ್ಲ. ಇದೆಲ್ಲ ನಿನ್ನ ಡಬ್ಬಿಗೆ ಕಣೆ ಥೆಲ್ಮಾ. ಹಸಿರು ಮುಲಾಮು.”

ಅವಳು ಎರಡೂ ಕೈಗಳನ್ನು ಮೈಯಿಂದ ದೂರ ಹಿಡಿದು ನೋಡಿದಳು, ಬೇರೆ ಯಾರದೋ ಕೈ ಎಂಬಂತೆ. ಕ್ರಿಸ್‌ಮಸ್, ಈಸ್ಟರ್, ಊರಿನ ಎಲ್ಲ ಮದುವೆ, ಈ ಬೆಳಗಿನ ಎರಡು ಸ್ತೋತ್ರ. ಥೆಲ್ಮಾಳಿಗೆ ಮಾತು ನಿಂತದ್ದನ್ನು ನಮ್ಮೂರು ಅದೇ ಮೊದಲು ಕಂಡದ್ದು.

“ಡಬ್ಬಿ ಬೆಳಿಗ್ಗೆ ಖಾಲಿಯಾಯ್ತು,” ಎಂದಳು ಕೊನೆಗೆ. “ಬೇರೆ ಇದ್ಯಾ?”

“ಇಲ್ಲ. ಈ ವರ್ಷದ್ದು ಇವೆರಡೇ ಗಿಡ. ದಿನಾ ಭೂತಗನ್ನಡಿ ಹಿಡಿದು ಮೊಗ್ಗಿನ ಮೇಲಿನ ಅಂಟು ನೋಡ್ತಿದ್ದ. ಬಿಳೀದು ಜೇನಿನ ಬಣ್ಣಕ್ಕೆ ತಿರುಗಿದ್ರೆ ಕೊಯ್ಯೋ ದಿನ ಅಂತೆ. ಮಂಗಳವಾರ ‘ಇನ್ನು ನಾಲ್ಕೇ ದಿನ, ಡ್ವೈಟ್’ ಅಂದ. ಹಾಗೇ ಕೂತವನು ಏಳ್ಲಿಲ್ಲ.”

“ಇವತ್ತು ಶನಿವಾರ.”

“ಹೌದು. ಸರಿಯಾದ ದಿನಾನೇ ಕೊಯ್ದಿದ್ದೀಯ.” ಅವನು ದನಿ ತಗ್ಗಿಸಿದ. “ಮುಲಾಮು ಮಾಡೋದು ನಂಗೆ ಹೇಳ್ಕೊಟ್ಟಿದ್ದಾನೆ. ಆದ್ರೆ ಗಿಡ ಕುಣಿಗೆ ಬಿದ್ಮೇಲೆ ನಾನೇನು ಮಾಡ್ಲಿ?”

* * *

ಸೂರ್ಯಕಾಂತಿ ಕುಣಿಗಿಳಿಯಿತು. ಸಬ್ಬಸಿಗೆಯ ಹೂಗೊಂಚಲು, ಜೋಳದ ದಂಟು, ಕಾಯಿ ಸಮೇತ ಟೊಮೆಟೊ ಬಳ್ಳಿ ಇಳಿದವು. ಇನ್ನುಳಿದದ್ದು ಆ ಎರಡು ಗಿಡ. ಅವನ್ನು ಕಂಕುಳಲ್ಲಿ ಒತ್ತಿಕೊಂಡು ಥೆಲ್ಮಾ ಕುಣಿಯ ಅಂಚಿನಲ್ಲಿ ನಿಂತಿದ್ದಳು. ಊರು ಕಾಯುತ್ತಿತ್ತು. ಗಾಳಿಯೂ ಕಾಯುತ್ತಿತ್ತು, ಇಲ್ಲದಿದ್ದರೆ ಆ ಘಮಲು ಅಷ್ಟು ಹೊತ್ತು ಅಲ್ಲೇ ನಿಲ್ಲುತ್ತಿರಲಿಲ್ಲ.

“ಥೆಲ್ಮಾ ಅವ್ರೇ,” ಎಂದಳು ಕೊರಿನ್ ಮೆಲ್ಲಗೆ, “ನಿಮ್ಮೂರ ಪದ್ಧತಿ ಪ್ರಕಾರ...”

“ಹೂವು ಹಾಕ್ಬೇಕು. ಅಷ್ಟೇ ತಾನೆ?”

ಒಂದು ತಂತಿಯ ತುದಿ ಹುಡುಕಿದಳು. ಕೂದಲೆಳೆಯಷ್ಟು ಸಣ್ಣ ತಂತಿ, ಮೆರಿಟ್ ಮೂರು ಸುತ್ತು ಸುತ್ತಿ ಬಿಗಿದದ್ದು. ಹೆಬ್ಬೆರಳು, ತೋರುಬೆರಳು ಸೇರಿ ಒಂದೊಂದೇ ಸುತ್ತು ಬಿಚ್ಚಿದವು. ಮೊದಲ ಡೇಲಿಯಾ ಪೆಟ್ಟಿಗೆಯ ಮೇಲೆ ಸದ್ದಿಲ್ಲದೆ ಬಿತ್ತು. ಎರಡನೆಯದು ಬಿತ್ತು. ಅವಳು ಅವಸರ ಮಾಡಲಿಲ್ಲ, ಯಾರನ್ನೂ ಕರೆಯಲಿಲ್ಲ. ಹತ್ತು ಬೆರಳೂ ಸಲೀಸಾಗಿ ಆಡುತ್ತಿದ್ದವು. ಕುಣಿ ಕೆಂಪಾಗುತ್ತ ಬಂತು, ಅವಳ ಕಂಕುಳಲ್ಲಿದ್ದ ಗಿಡಗಳು ಇಡೀ ಊರಿನೆದುರು ಬರೀ ಹಸಿರಾಗುತ್ತ ಬಂದವು.